‘ಪರವಾಗಿಲ್ಲ’ ಎಂಬುದಕ್ಕೆ ಎಷ್ಟು ಅಂಕ?

ನಮ್ಮ ಮಾತಿನಲ್ಲಿ ‘ಪರವಾಗಿಲ್ಲ’ ಎಂಬ ಒಂದು ಪದವುಂಟು. ಬೀಗರ ಮನೆಯ ಊಟ ಹೇಗಿತ್ತು ಎಂದರೆ ‘ಪರವಾಗಿಲ್ಲ’. ಜ್ವರ ಹೇಗಿದೆ ಎಂದರೆ ‘ಪರವಾಗಿಲ್ಲ’. ವರ ಹೇಗಿದ್ದಾನೆ ಎಂದು ಹೆಣ್ಣಿನ ತಾಯಿಯನ್ನು ಕೇಳಿದರೆ ಆಗಲೂ ‘ಪರವಾಗಿಲ್ಲ’. ಊಟದ ವಿಷಯದಲ್ಲಿ ಆ ಮಾತಿಗೆ, ಸಾರಿಗೆ ಉಪ್ಪು ಹೆಚ್ಚಾಗಿತ್ತು, ಆದರೆ ಹೇಳುವುದು ಮರ್ಯಾದೆಯಲ್ಲ ಎಂದರ್ಥ. ಜ್ವರದ ವಿಷಯದಲ್ಲಿ ಇಳಿಮುಖವಾಗಿದೆ ಎಂದರ್ಥ. ವರನ ವಿಷಯದಲ್ಲಿ, ಮನಸ್ಸಿಗೆ ಒಪ್ಪಿಗೆಯಾಗಿದೆ, ಈಗಲೇ ತೋರಿಸಿಕೊಳ್ಳಬಾರದು ಎಂದರ್ಥ. ಇಂಥ ಪದಕ್ಕೆ ಐದರಲ್ಲಿ ಎಷ್ಟು ಅಂಕ ಕೊಡಬೇಕು ಎಂಬ ಪ್ರಶ್ನೆ ಕಳೆದ ತಿಂಗಳು ನನ್ನ ಮುಂದೆ ಬಂದು ನಿಂತಿತು.

ಪ್ರಶ್ನೆಯನ್ನು ಹೊತ್ತು ತಂದವಳು ನನ್ನ ತಂಗಿಯ ಮಗಳು. ಸಮಾಜಕಾರ್ಯದ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿರುವ ಈ ಹುಡುಗಿ, ತನ್ನ ಪ್ರಬಂಧಕ್ಕಾಗಿ ಒಂದು ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಮೂರು ತಿಂಗಳ ಕಾಲ ಓಡಾಡಿ, ಅಲ್ಲಿ ಹೆರಿಗೆಯಾದ ನೂರಕ್ಕೆ ಮೇಲ್ಪಟ್ಟ ತಾಯಂದಿರನ್ನು ಕಂಡು ಮಾತನಾಡಿಸಿದ್ದಳು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಪ್ರಶ್ನಾವಳಿಯಲ್ಲಿ ಇಪ್ಪತ್ತು ಹೇಳಿಕೆಗಳು. ಒಂದೊಂದರ ಮುಂದೆಯೂ ಐದೈದು ಚೌಕಗಳು. ‘ಪೂರ್ಣವಾಗಿ ಒಪ್ಪುತ್ತೇನೆ’ ಎಂದರೆ 5. ‘ಒಪ್ಪುತ್ತೇನೆ’ ಎಂದರೆ 4. ‘ಎರಡೂ ಅಲ್ಲ’ ಎಂದರೆ 3. ‘ಒಪ್ಪುವುದಿಲ್ಲ’ ಎಂದರೆ 2. ‘ಖಂಡಿತ ಒಪ್ಪುವುದಿಲ್ಲ’ ಎಂದರೆ 1. ಉತ್ತರಗಳನ್ನೆಲ್ಲ ಗಣಕಯಂತ್ರಕ್ಕೆ ತುಂಬಿ, ಎಸ್.ಪಿ.ಎಸ್.ಎಸ್. ಎಂಬ ತಂತ್ರಾಂಶದಿಂದ ಲೆಕ್ಕ ಹಾಕಿಸಿ, ಮುದ್ರಿಸಿದ ಮೂವತ್ತು ಹಾಳೆಗಳ ಕಂತೆಯೊಡನೆ ಒಂದು ಭಾನುವಾರ ಬೆಳಗ್ಗೆ ಬಂದಳು. ಸಂಖ್ಯಾಶಾಸ್ತ್ರವನ್ನು ಕೆಲವು ವರ್ಷ ಪಾಠ ಹೇಳಿದ ತಪ್ಪಿಗೆ, ನೆಂಟರಿಷ್ಟರ ಮಕ್ಕಳ ಇಂಥ ಕಂತೆಗಳು ನನ್ನ ಮನೆಗೆ ಬರುವುದು ವಾಡಿಕೆಯಾಗಿಬಿಟ್ಟಿದೆ.

“ಮಾವ, ಲೆಕ್ಕವೆಲ್ಲ ಮುಗಿದಿದೆ. ಒಟ್ಟು ಸರಾಸರಿ ಮೂರು ಚಿಲ್ಲರೆ ಬಂದಿದೆ. ‘ಸೇವೆ ಸಾಧಾರಣವಾಗಿ ತೃಪ್ತಿಕರ’ ಎಂದು ಬರೆದಿದ್ದೇನೆ. ಆದರೆ ಆಲ್ಫಾ ಸ್ವಲ್ಪ ಕಡಿಮೆ. ಹದಿನಾಲ್ಕನೆಯದನ್ನು ತೆಗೆದುಬಿಟ್ಟರೆ ಏರುತ್ತದೆ ಎಂದು ತಂತ್ರಾಂಶವೇ ಹೇಳುತ್ತಿದೆ. ತೆಗೆದುಬಿಡಲೆ?”

“ಹದಿನಾಲ್ಕನೆಯದರಲ್ಲಿ ಏನು ಕೇಳಿದ್ದೀಯಮ್ಮ?”

ಹುಡುಗಿ ಹಾಳೆಗಳನ್ನು ತಿರುವಿ ಓದಿದಳು: ‘ರಾತ್ರಿ ಹೊತ್ತು ಕರೆದರೆ ಯಾರೂ ಬೇಗ ಬರುತ್ತಿರಲಿಲ್ಲ.’

ನಾನು ಕಾಫಿಯ ಲೋಟವನ್ನು ಕೆಳಗಿಟ್ಟೆ. ಆ ಭಾನುವಾರವೆಲ್ಲ ನಮ್ಮಿಬ್ಬರಿಗೂ ಆ ಹಾಳೆಗಳಲ್ಲೇ ಕಳೆಯಿತು. ಈ ವಾರದ ಪುಟಕ್ಕೆ ಅದನ್ನೇ ಬರೆಯುತ್ತಿದ್ದೇನೆ. ಲೆಕ್ಕವೆಂದರೆ ತಲೆನೋವೆನ್ನುವ ವಾಚಕರು ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕು. ಇಂದು ಬ್ಯಾಂಕು, ಹೋಟೆಲು, ರೈಲು, ಟೆಲಿಫೋನು, ಎಲ್ಲರೂ ನಮ್ಮಿಂದ ಐದರಲ್ಲಿ ಅಂಕ ಕೇಳುವವರೇ. ಆ ಅಂಕಗಳು ಮುಂದೆ ಏನಾಗುತ್ತವೆಂಬುದನ್ನು ಅಂಕ ಕೊಟ್ಟವರು ತಿಳಿದಿರುವುದು ನ್ಯಾಯ.

ಈ ಐದು ಮೆಟ್ಟಿಲಿನ ಪದ್ಧತಿಯನ್ನು ರೂಢಿಗೆ ತಂದವನು ರೆನ್ಸಿಸ್ ಲಿಕರ್ಟ್ ಎಂಬ ಅಮೆರಿಕದ ವಿದ್ವಾಂಸ. ನಮ್ಮಲ್ಲಿ ಬಹುಮಂದಿ ‘ಲೈಕರ್ಟ್’ ಎನ್ನುತ್ತಾರೆ. ಆತನು ತನ್ನನ್ನು ಕರೆದುಕೊಳ್ಳುತ್ತಿದ್ದುದು ‘ಲಿಕರ್ಟ್’ ಎಂದೇ. ಆತನಿಗಿಂತ ಮೊದಲು, 1928ರಲ್ಲಿ, ಷಿಕಾಗೋವಿನ ಥರ್ಸ್ಟನ್ ಎಂಬಾತ ಮನುಷ್ಯನ ಅಭಿಪ್ರಾಯವನ್ನೂ ಅಳೆಯಬಹುದೆಂದು ಸಾಧಿಸಿದ್ದ. ಆದರೆ ಥರ್ಸ್ಟನ್ನನ ದಾರಿ ದುರ್ಗಮವಾದದ್ದು. ನೂರಾರು ಹೇಳಿಕೆಗಳನ್ನು ಚೀಟಿಗಳಲ್ಲಿ ಬರೆದು, ತೀರ್ಪುಗಾರರ ಒಂದು ದೊಡ್ಡ ಗುಂಪನ್ನು ಕೂರಿಸಿ, ಅವರಿಂದ ಚೀಟಿಗಳನ್ನು ಹನ್ನೊಂದು ರಾಶಿಗಳಾಗಿ ವಿಂಗಡಿಸಿಸಿ, ಅನಂತರ ಒಂದೊಂದು ಹೇಳಿಕೆಗೂ ಬೆಲೆ ಕಟ್ಟಬೇಕಾಗಿತ್ತು. 1932ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಬಂಧದಲ್ಲಿ ಲಿಕರ್ಟ್ ತೋರಿಸಿದ್ದೇನೆಂದರೆ, ಅಷ್ಟೆಲ್ಲ ಪರಿಶ್ರಮ ಬೇಡ. ಉತ್ತರಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು ಕೂಡಿದರೂ ಬರುವ ಫಲ ಹೆಚ್ಚು ಕಡಿಮೆ ಅದೇ.

ಕೂಡಿದರೆ, ಎಂಬ ಮಾತನ್ನು ವಾಚಕರು ಗಮನಿಸಬೇಕು. ಲಿಕರ್ಟನು ಒಂದು ಅಭಿಪ್ರಾಯವನ್ನು ತಿಳಿಯಲು ಅನೇಕ ಹೇಳಿಕೆಗಳನ್ನು ಕೊಟ್ಟು, ಎಲ್ಲದರ ಮೊತ್ತವನ್ನು ಅಳತೆಗೋಲಾಗಿ ಮಾಡಿಕೊಂಡ. ಒಂದೇ ಒಂದು ಹೇಳಿಕೆಗೆ ಐದು ಚೌಕ ಬರೆದು, ಅದರ ಸರಾಸರಿ ತೆಗೆದು, ಅದನ್ನೇ ‘ಲಿಕರ್ಟ್ ಮಾಪಕ’ ಎನ್ನುವುದು ಮುಂದಿನವರ ಸೋಮಾರಿತನ. ಒಂದು ಇಟ್ಟಿಗೆಯನ್ನು ತೋರಿಸಿ ಮನೆ ಎಂದ ಹಾಗೆ.

ಸರಾಸರಿಯಲ್ಲಿ ತಪ್ಪೇನು? ಹುಡುಗಿಯೂ ಇದನ್ನೇ ಕೇಳಿದಳು. ತರಗತಿಯಲ್ಲಿ ಮೊದಲನೆಯವನು, ಎರಡನೆಯವನು, ಮೂರನೆಯವನು ಎಂದು ಕ್ರಮ ಕೊಡುತ್ತೇವಲ್ಲವೆ? ಮೊದಲನೆಯವನಿಗೆ 95, ಎರಡನೆಯವನಿಗೆ 94, ಮೂರನೆಯವನಿಗೆ 60 ಬಂದಿರಬಹುದು. ಕ್ರಮ ಮಾತ್ರ ಒಂದು, ಎರಡು, ಮೂರು. ಯಾರು ಮುಂದೆ ಎಂದು ಅದು ಹೇಳೀತು. ಎಷ್ಟು ಮುಂದೆ ಎಂದು ಹೇಳಲಾರದು. ಹಾಗೆಯೇ ‘ಖಂಡಿತ ಒಪ್ಪುವುದಿಲ್ಲ’ ಎಂಬಲ್ಲಿಂದ ‘ಒಪ್ಪುವುದಿಲ್ಲ’ ಎಂಬಲ್ಲಿಗೆ ಇರುವ ದೂರವೂ, ‘ಎರಡೂ ಅಲ್ಲ’ದಿಂದ ‘ಒಪ್ಪುತ್ತೇನೆ’ಗೆ ಇರುವ ದೂರವೂ ಒಂದೇ ಎಂದು ಯಾರು ಅಳೆದು ನೋಡಿದ್ದಾರೆ? ನಾವು 1, 2, 3 ಎಂದು ಬರೆದದ್ದರಿಂದ ಮೆಟ್ಟಿಲುಗಳೆಲ್ಲ ಸಮವಾದವೆಂದು ತೋರುತ್ತದೆ, ಅಷ್ಟೆ. ಹಾರ್ವರ್ಡಿನ ಸ್ಟೀವನ್ಸ್ ಎಂಬ ಮನಶ್ಶಾಸ್ತ್ರಜ್ಞ 1946ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭೇದವನ್ನು ಬಿಡಿಸಿ ಬರೆದ. ಬಸ್ಸಿನ ನಂಬರಿನಂತೆ ಹೆಸರಿಗೆ ಮಾತ್ರ ಇರುವ ಅಂಕೆ ಒಂದು ಬಗೆ. ತರಗತಿಯ ಕ್ರಮದಂತೆ ಮುಂದು ಹಿಂದನ್ನು ಮಾತ್ರ ಹೇಳುವ ಅಂಕೆ ಇನ್ನೊಂದು. ಉಷ್ಣಮಾಪಕದ ಡಿಗ್ರಿಯಂತೆ ಸಮಾನ ಅಂತರವುಳ್ಳದ್ದು ಮೂರನೆಯದು. ತೂಕ, ಉದ್ದಗಳಂತೆ ನಿಜವಾದ ಸೊನ್ನೆಯಿಂದ ಹೊರಡುವುದು ನಾಲ್ಕನೆಯದು. ಎರಡನೆಯ ಬಗೆಗೆ ಸರಾಸರಿ ಸಲ್ಲದು ಎಂಬುದು ಆತನ ನಿಯಮ.

ನಿಯಮವನ್ನು ಎಲ್ಲರೂ ಒಪ್ಪಲಿಲ್ಲ. 1953ರಲ್ಲಿ ಫ್ರೆಡರಿಕ್ ಲಾರ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ ಒಂದು ಕಥೆ ಕಟ್ಟಿ ಇದನ್ನು ಹಾಸ್ಯ ಮಾಡಿದ. ಕಾಲ್ಚೆಂಡಾಟದ ಹುಡುಗರ ಅಂಗಿಗೆ ನಂಬರುಗಳನ್ನು ಮಾರುವ ಒಬ್ಬ ಪ್ರೊಫೆಸರು. ಕಿರಿಯ ತರಗತಿಯ ತಂಡದವರು, ತಮಗೆ ಬಂದ ನಂಬರುಗಳೆಲ್ಲ ಚಿಕ್ಕವೆಂದು ದೂರು ತಂದರು. ಅಂಗಿಯ ನಂಬರಿಗೆ ಎಲ್ಲಿಯ ಸರಾಸರಿ ಎಂದು ಪ್ರೊಫೆಸರು ಚಡಪಡಿಸುತ್ತಿರುವಾಗ, ಸಂಖ್ಯಾಶಾಸ್ತ್ರಜ್ಞನೊಬ್ಬ ಬಂದು ಯಾವ ಸಂಕೋಚವೂ ಇಲ್ಲದೆ ಸರಾಸರಿ ತೆಗೆದು, ಇಷ್ಟು ಚಿಕ್ಕ ನಂಬರುಗಳು ಕೇವಲ ಅದೃಷ್ಟವಶದಿಂದ ಬಂದಿರಲಾರವೆಂದು ತೋರಿಸಿಬಿಡುತ್ತಾನೆ. ತಾವು ಯಾವ ಕುಲದವೆಂಬುದು ಅಂಕೆಗಳಿಗೆ ಗೊತ್ತಿಲ್ಲ ಎಂಬುದು ಕಥೆಯ ಒಳ ಅರ್ಥ. ಜಗಳ ಇನ್ನೂ ನಿಂತಿಲ್ಲ. 2004ರಲ್ಲಿ ಸೂಸನ್ ಜೇಮೀಸನ್ ಎಂಬಾಕೆ ವೈದ್ಯ ಶಿಕ್ಷಣದ ಪತ್ರಿಕೆಯೊಂದರಲ್ಲಿ ಈ ಸರಾಸರಿಯ ಹುಚ್ಚನ್ನು ಖಂಡಿಸಿದರು. 2010ರಲ್ಲಿ ಕೆನಡಾದ ಜೆಫ್ ನಾರ್ಮನ್, ಸಾಮಾನ್ಯವಾಗಿ ಬಳಸುವ ಪರೀಕ್ಷೆಗಳು ಇಂಥ ಅಂಕೆಗಳನ್ನೂ ತಾಳಿಕೊಳ್ಳುವಷ್ಟು ಗಟ್ಟಿಯಾಗಿವೆ ಎಂದು ಉತ್ತರ ಕೊಟ್ಟರು.

ನನ್ನ ಮಟ್ಟಿಗೆ ಹೇಳುವುದಾದರೆ, ಇಪ್ಪತ್ತು ಹೇಳಿಕೆಗಳ ಮೊತ್ತಕ್ಕೆ ಸರಾಸರಿ ತೆಗೆದವನ ಮೇಲೆ ನಾನು ದಾವಾ ಹೂಡುವುದಿಲ್ಲ. ಒಂದೇ ಹೇಳಿಕೆಯ ಸರಾಸರಿಯನ್ನು ಮಾತ್ರ, ಅದರ ಹಿಂದಿನ ಐದು ಎಣಿಕೆಗಳನ್ನು ನೋಡದೆ ನಂಬುವುದಿಲ್ಲ. ಪ್ರತಿವರ್ಷ ಮಾರ್ಚ್ 20ರ ಹೊತ್ತಿಗೆ ಪತ್ರಿಕೆಗಳಲ್ಲಿ ಬರುವ ‘ವಿಶ್ವ ಸಂತೋಷ ವರದಿ’ಯನ್ನೇ ನೋಡಿ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿರುವ ಒಂದು ಏಣಿಯನ್ನು ಕಲ್ಪಿಸಿಕೊಳ್ಳಿ, ನೀವು ಯಾವ ಮೆಟ್ಟಿಲ ಮೇಲಿದ್ದೀರಿ ಎಂಬ ಒಂದೇ ಪ್ರಶ್ನೆ; ಅದಕ್ಕೆ ಬಂದ ಉತ್ತರಗಳ ಮೂರು ವರ್ಷದ ಸರಾಸರಿ; ಅದರ ಮೇಲೆ ದೇಶದೇಶಗಳ ಪಟ್ಟಿ. 2025ರ ವರದಿಯಲ್ಲಿ ಫಿನ್‌ಲೆಂಡ್ ಮೊದಲನೆಯದು, ಭಾರತ 118ನೆಯದು. ಈ ಪಟ್ಟಿಯನ್ನು ಓದಿ ಕೆಲವರು ಕೊರಗುತ್ತಾರೆ, ಕೆಲವರು ಕೆರಳುತ್ತಾರೆ. ನಮ್ಮಲ್ಲಿ ಎಷ್ಟು ಮಂದಿ ಕೆಳಗಿನ ಮೂರು ಮೆಟ್ಟಿಲುಗಳಲ್ಲಿದ್ದಾರೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇನ್ನು ತಂತ್ರಾಂಶದ ಮಾತು. ಎಸ್.ಪಿ.ಎಸ್.ಎಸ್. ಹುಟ್ಟಿದ್ದು 1968ರಲ್ಲಿ, ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ. ರಾಜ್ಯಶಾಸ್ತ್ರದ ವಿದ್ಯಾರ್ಥಿ ನಾರ್ಮನ್ ನೈ, ಆತನ ಜೊತೆಗಾರರಾದ ಡೇಲ್ ಬೆಂಟ್ ಮತ್ತು ಹ್ಯಾಡ್ಲಾಯ್ ಹಲ್ ಅದನ್ನು ಕಟ್ಟಿದರು. ಸಮಾಜವಿಜ್ಞಾನದ ವಿದ್ಯಾರ್ಥಿಗಳು ಲೆಕ್ಕದ ಹೆದರಿಕೆಯಿಲ್ಲದೆ ತಮ್ಮ ಸಮೀಕ್ಷೆಗಳನ್ನು ತಾವೇ ಬಿಡಿಸಿ ನೋಡಲಿ ಎಂಬುದು ಉದ್ದೇಶ. 2009ರಲ್ಲಿ ಅದು ಐ.ಬಿ.ಎಂ. ಕಂಪನಿಯ ಕೈಸೇರಿತು. ಅದರ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಎದುರಿಗೂ ಅದು ಯಾವ ಬಗೆಯ ಅಂಕೆ ಎಂದು ನಮೂದಿಸಲು ಒಂದು ಕಂಬಸಾಲು ಇದೆ. ಅಳತೆಗೆ ಗೆರೆಕೋಲಿನ ಚಿತ್ರ, ಕ್ರಮಕ್ಕೆ ಮೆಟ್ಟಿಲುಮೆಟ್ಟಿಲಾದ ಕಂಬಗಳ ಚಿತ್ರ, ಹೆಸರಿಗೆ ಮೂರು ಗುಂಡುಗಳ ಚಿತ್ರ. ಸ್ಟೀವನ್ಸನ ಪಾಠವನ್ನು ಚಿತ್ರದಲ್ಲಿ ಬರೆದಿಟ್ಟ ಹಾಗೆ! ನನ್ನ ಸೊಸೆ ಇಪ್ಪತ್ತಕ್ಕೂ ಕಂಬಗಳ ಚಿತ್ರವನ್ನು ಸರಿಯಾಗಿಯೇ ಆರಿಸಿದ್ದಳು. ಅನಂತರ ಸರಾಸರಿ ಕೇಳಿದಳು. ತಂತ್ರಾಂಶ ಹುಬ್ಬೇರಿಸದೆ ಕೊಟ್ಟುಬಿಟ್ಟಿತು. ನ್ಯೂಜಿಲೆಂಡಿನ ರಾಸ್ ಇಹಾಕ, ರಾಬರ್ಟ್ ಜಂಟಲ್‌ಮನ್ ಇಬ್ಬರೂ ಹುಟ್ಟುಹಾಕಿದ, ಹಣ ಕೊಡದೆ ಪಡೆಯಬಹುದಾದ ‘ಆರ್’ ಎಂಬ ಇನ್ನೊಂದು ತಂತ್ರಾಂಶ ಸ್ವಲ್ಪ ಗಡುಸು. ಉತ್ತರಗಳನ್ನು ದರ್ಜೆಗಳೆಂದು ನಮೂದಿಸಿ ಸರಾಸರಿ ಕೇಳಿದರೆ, ಎಚ್ಚರಿಕೆಯ ಒಂದು ಸಾಲನ್ನು ಗೊಣಗಿ, ಉತ್ತರ ಕೊಡದೆ ಸುಮ್ಮನಾಗುತ್ತದೆ. ಆದರೆ ಅದೇ ಉತ್ತರಗಳನ್ನು ಬರಿಯ ಅಂಕೆಗಳೆಂದು ತುಂಬಿದರೆ ಅದೂ ಮರುಮಾತಿಲ್ಲದೆ ಕೊಡುತ್ತದೆ.

ಹಾಳೆಗಳಲ್ಲಿ ನಾನು ಮೊದಲು ಹುಡುಕಿದ್ದು 99 ಎಂಬ ಅಂಕೆಯನ್ನು. ಉತ್ತರ ಸಿಗದ ಜಾಗಕ್ಕೆ 9 ಎಂದೋ 99 ಎಂದೋ ತುಂಬುವುದು ಹಳೆಯ ಪದ್ಧತಿ. ಅದು ಉತ್ತರವಲ್ಲ, ಖಾಲಿ ಜಾಗದ ಗುರುತು ಎಂದು ತಂತ್ರಾಂಶಕ್ಕೆ ಬೇರೆಯಾಗಿ ತಿಳಿಸಬೇಕು. ಮರೆತರೆ ಆಗುವುದನ್ನು ನೋಡಿ: ನೂರು ಜನರೆಂದು ಇಟ್ಟುಕೊಳ್ಳೋಣ, 98 ಮಂದಿಯ ಸರಾಸರಿ ಸರಿಯಾಗಿ 3, ಉಳಿದ ಇಬ್ಬರು ಉತ್ತರ ಕೊಟ್ಟಿಲ್ಲ, ಅವರ ಜಾಗದಲ್ಲಿ 99. ಕೂಡಿದರೆ 294ಕ್ಕೆ 198 ಸೇರಿ 492. ನೂರರಿಂದ ಭಾಗಿಸಿದರೆ 4.92. ಇಬ್ಬರು ಬಾಯಿ ಬಿಡದಿದ್ದುದರಿಂದ ಆಸ್ಪತ್ರೆ ಸ್ವರ್ಗಸಮಾನವಾಯಿತು! ಉತ್ತರ ಐದರ ಒಳಗೇ ಇರುವುದರಿಂದ ಯಾರಿಗೂ ಸಂಶಯ ಬಾರದು. ಹುಡುಗಿ ಹತ್ತೊಂಬತ್ತು ಹೇಳಿಕೆಗಳಿಗೆ ಇದನ್ನು ತಿಳಿಸಿದ್ದಳು, ಒಂದಕ್ಕೆ ಮರೆತಿದ್ದಳು. ‘ಸಿಬ್ಬಂದಿ ನನ್ನೊಡನೆ ಗೌರವದಿಂದ ನಡೆದುಕೊಂಡರು’ ಎಂಬುದು ಆ ಹೇಳಿಕೆ.

ತಿದ್ದಿದ ಮೇಲೆ ಅದರ ಸರಾಸರಿಯೂ ಮಿಕ್ಕವುಗಳ ಹಾಗೆ ಮೂರರ ಹತ್ತಿರಕ್ಕೇ ಇಳಿಯಿತು. “ಈಗ ಸರಿಯಾಯಿತಲ್ಲ, ಮಾವ?” ಎಂದಳು. ಸರಾಸರಿಯನ್ನು ಮರೆತು, ಯಾವ ಚೌಕಕ್ಕೆ ಎಷ್ಟು ಜನ ಎಂಬ ಎಣಿಕೆಯ ಪಟ್ಟಿಯನ್ನು ತೆಗೆಯೆಂದೆ. ತಂತ್ರಾಂಶದಲ್ಲಿ ಇದು ಎಲ್ಲಕ್ಕಿಂತ ಸುಲಭವಾದ ಕೆಲಸ. ಸುಲಭವೆಂದೇ ಯಾರೂ ಮಾಡುವುದಿಲ್ಲ. ಪಟ್ಟಿ ಪರದೆಯ ಮೇಲೆ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಐದರ ಎದುರಿಗೆ ಒಂದು ಗುಂಪು. ಒಂದರ ಎದುರಿಗೆ ಒಂದು ಗುಂಪು. ನಡುವೆ ಬಹುಮಟ್ಟಿಗೆ ಬಯಲು.

ನೂರು ಜನವೂ 3 ಎಂದರೆ ಸರಾಸರಿ 3. ಐವತ್ತು ಜನ 5, ಐವತ್ತು ಜನ 1 ಎಂದರೂ ಸರಾಸರಿ 3. ಒಂದೊಂದು ಚೌಕಕ್ಕೂ ಇಪ್ಪತ್ತಿಪ್ಪತ್ತು ಜನವಾದರೂ ಸರಾಸರಿ 3. ಮೊದಲನೆಯದು ಉದಾಸೀನದ ಊರು. ಎರಡನೆಯದು ಎರಡು ಊರು. ಸರಾಸರಿಯ ಬದಲು ಮಧ್ಯಾಂಕವನ್ನು ಬಳಸಿರಿ ಎಂದು ಪುಸ್ತಕಗಳು ಬುದ್ಧಿ ಹೇಳುತ್ತವೆ, ಒಳ್ಳೆಯ ಬುದ್ಧಿಯೇ. ಆದರೆ ಈ ಎರಡನೆಯ ಊರಿನಲ್ಲಿ ಮಧ್ಯಾಂಕವೂ 3, ಅಂದರೆ ಅಲ್ಲಿ ಒಬ್ಬರೂ ಕೊಡದ ಉತ್ತರ. ಜನ ಎಷ್ಟು ಚೆದರಿದ್ದಾರೆಂದು ತಿಳಿಸುವ ಮಾನಕ ವಿಚಲನೆ ಮೊದಲನೆಯದರಲ್ಲಿ 0, ಎರಡನೆಯದರಲ್ಲಿ 2.01, ಮೂರನೆಯದರಲ್ಲಿ 1.42. ತಿಳಿದವರಿಗೆ ಅದರಿಂದ ಸುಳಿವು ಸಿಕ್ಕೀತು. ಆಸ್ಪತ್ರೆಯ ಆಡಳಿತಾಧಿಕಾರಿ ಅದನ್ನು ಓದಿ ಎದೆ ಮುಟ್ಟಿಕೊಳ್ಳುತ್ತಾನೆಂದು ನನಗೆ ತೋರದು. ಐದು ಎಣಿಕೆಗಳನ್ನು ಬರೆದರೆ ಯಾರಾದರೂ ಓದಬಲ್ಲರು.

ಈಗ ಹದಿನಾಲ್ಕನೆಯ ಹೇಳಿಕೆ. ಇಪ್ಪತ್ತರಲ್ಲಿ ಹತ್ತೊಂಬತ್ತು ಹೊಗಳಿಕೆಯ ಹೇಳಿಕೆಗಳು, ಇದೊಂದೇ ದೂರು. ಹೊಗಳಿಕೆಯನ್ನು ಒಪ್ಪಿದವರು ದೂರನ್ನು ಅಲ್ಲಗಳೆಯುವುದು ಸಹಜ. ಆದಕಾರಣ ಕೂಡುವುದಕ್ಕೆ ಮುಂಚೆ ದೂರಿನ ಅಂಕವನ್ನು ತಿರುವುಮುರುವು ಮಾಡಬೇಕು. ಆರರಿಂದ ಕಳೆದರೆ ಆಯಿತು. 5 ಹೋಗಿ 1 ಆಗುತ್ತದೆ, 4 ಹೋಗಿ 2. ಹುಡುಗಿ ಇದನ್ನು ಮಾಡಿರಲಿಲ್ಲ. ಆಲ್ಫಾ ಎಂಬುದು ಲೀ ಕ್ರಾನ್‌ಬಾಕ್ 1951ರಲ್ಲಿ ಪ್ರಸಿದ್ಧಿಗೆ ತಂದ ಒಂದು ಅಂಕೆ. ಪ್ರಶ್ನಾವಳಿಯ ಹೇಳಿಕೆಗಳೆಲ್ಲ ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ನಡೆಯುತ್ತವೆಂದು ಅದು ತಿಳಿಸುತ್ತದೆ. ಹತ್ತೊಂಬತ್ತು ಎತ್ತುಗಳು ಪೂರ್ವಕ್ಕೆ ಎಳೆಯುವಾಗ ಒಂದು ಪಶ್ಚಿಮಕ್ಕೆ ಎಳೆದರೆ ಬಂಡಿ ಕುಂಟುವುದು ನಿಶ್ಚಯ. ಯಾವ ಹೇಳಿಕೆಯನ್ನು ತೆಗೆದರೆ ಆಲ್ಫಾ ಎಷ್ಟಾಗುತ್ತದೆಂದು ತಂತ್ರಾಂಶ ಒಂದು ಪಟ್ಟಿ ಕೊಡುತ್ತದೆ; ಅದನ್ನು ಆಜ್ಞೆಯೆಂದು ತಿಳಿದವರು ಆ ಎತ್ತನ್ನು ಬಿಚ್ಚಿ ಮಾರಿಬಿಡುತ್ತಾರೆ. ಮಾರಬೇಕಾಗಿರಲಿಲ್ಲ, ಮುಖ ತಿರುಗಿಸಬೇಕಾಗಿತ್ತು. ಅದೇ ಪಟ್ಟಿಯ ಇನ್ನೊಂದು ಕಂಬಸಾಲಿನಲ್ಲಿ, ಮಿಕ್ಕ ಹೇಳಿಕೆಗಳೊಡನೆ ಇದರ ಸಂಬಂಧ ಋಣಸಂಖ್ಯೆಯಲ್ಲಿದೆ ಎಂದು ಸ್ಪಷ್ಟವಾಗಿ ಬರೆದಿತ್ತು. ನೋಡುವವರಿಗಾಗಿ ಕಾದಿತ್ತು, ಅಷ್ಟೆ.

ತಿರುಗಿಸಿದೆವು. ಮೂಲ ಅಂಕಗಳ ಮೇಲೆಯೇ ಬರೆದು ಅಳಿಸಿಬಿಡದೆ, ಹೊಸ ಕಂಬಸಾಲಿನಲ್ಲಿ ಬರೆಯುವುದು ಒಳ್ಳೆಯದು. ಇಲ್ಲವಾದರೆ ಮರುದಿನ ಮರೆತು ಇನ್ನೊಮ್ಮೆ ತಿರುಗಿಸಿ ಮೊದಲಿನಲ್ಲಿಗೇ ಬಂದು ನಿಲ್ಲುತ್ತೇವೆ. ಆಲ್ಫಾ ತಾನಾಗಿ ಏರಿತು.

ಆದರೆ ಇಲ್ಲಿ ಕನ್ನಡದ್ದೇ ಆದ ಒಂದು ತೊಡಕಿದೆ. ‘ಯಾರೂ ಬೇಗ ಬರುತ್ತಿರಲಿಲ್ಲ’ ಎಂದು ಓದಿ ಹೇಳಿದಾಗ, ಹಾಸಿಗೆಯ ಮೇಲಿನ ತಾಯಿ ‘ಇಲ್ಲ’ ಎಂದರೆ ಏನು ಅರ್ಥ? ‘ಇಲ್ಲ, ಬರುತ್ತಿರಲಿಲ್ಲ’ ಎಂದೆ? ‘ಇಲ್ಲ, ಹಾಗೇನಿಲ್ಲ, ಬರುತ್ತಿದ್ದರು’ ಎಂದೆ? ಮೊದಲನೆಯದಾದರೆ ಒಪ್ಪಿಗೆ, ಎರಡನೆಯದಾದರೆ ನಿರಾಕರಣೆ. ಇಂಗ್ಲಿಷಿನಿಂದ ತಂದ ಪ್ರಶ್ನಾವಳಿಗಳಲ್ಲಿ ಇಂಥ ಇಲ್ಲಗಳ ಹೇಳಿಕೆಗಳು ಹೇರಳವಾಗಿರುತ್ತವೆ. ಈ ಹುಡುಗಿಯ ಪುಣ್ಯ, ಅವಳಿಗೆ ಹಳ್ಳಿಯ ಮಾತಿನ ಬಳಕೆಯಿತ್ತು, ‘ಬರ್ತಿದ್ರಾ, ಬರ್ತಿರಲಿಲ್ವಾ?’ ಎಂದು ಬಿಡಿಸಿ ಕೇಳಿ ಗುರುತು ಹಾಕಿದ್ದಳು. ‘ಪರವಾಗಿಲ್ಲ’ ಎಂದವರಿಗೆ ಮಾತ್ರ ಎಲ್ಲ ಕಡೆಯಲ್ಲೂ ಮೂರನ್ನೇ ಕೊಟ್ಟುಬಿಟ್ಟಿದ್ದಳು.

“ಅವರು ಹಾಗೆ ಹೇಳುವಾಗ ಹತ್ತಿರದಲ್ಲಿ ಯಾರಿದ್ದರು?” ಎಂದು ಕೇಳಿದೆ.

ಸ್ವಲ್ಪ ಯೋಚಿಸಿ ಹೇಳಿದಳು: “ವಾರ್ಡಿನಲ್ಲೇ ಕೇಳಿದ್ದು, ಮಾವ. ಕೆಲವು ಸಲ ಸಿಸ್ಟರು ಅಲ್ಲೇ ಇರುತ್ತಿದ್ದರು. ಕೆಲವು ಸಲ ಆಯಾ ಇರುತ್ತಿದ್ದಳು.”

ಮಗುವಿಗೆ ಮೈ ತೊಳೆಸಬೇಕಾದವಳು ಮಂಚದ ಪಕ್ಕದಲ್ಲಿ ನಿಂತಿರುವಾಗ, ಯಾವ ಬಾಣಂತಿ ತಾನೇ ಒಂದು ಅಂಕ ಕೊಟ್ಟಾಳು? ಆ ಮೂರುಗಳಲ್ಲಿ ನಿಜವಾಗಿ ನಡುವಿನ ಅಭಿಪ್ರಾಯದವರೆಷ್ಟು, ಸಂಕೋಚದಿಂದ ಬಾಯಿ ಮುಚ್ಚಿದವರೆಷ್ಟು, ಸಂತೋಷದಿಂದಲೇ ‘ಪರವಾಗಿಲ್ಲ’ ಎಂದವರೆಷ್ಟು ಎಂಬುದನ್ನು ಬೇರ್ಪಡಿಸಬಲ್ಲ ತಂತ್ರಾಂಶ ಯಾವ ದೇಶದಲ್ಲೂ ಇಲ್ಲ. ಈಗ ಅದನ್ನು ತಿದ್ದುವ ಹಾಗೂ ಇಲ್ಲ. ಎಲ್ಲಿ, ಯಾರ ಎದುರಿಗೆ ಕೇಳಿತೆಂದು ವರದಿಯಲ್ಲಿ ಬರೆಯಬಹುದು, ಅಷ್ಟೆ. ಬರೆಯೆಂದೆ.

ಐದೂ ಒಂದೂ ಆಗಿ ಒಡೆದ ಆ ಎರಡು ಗುಂಪುಗಳು ಯಾರವು? ವಯಸ್ಸು, ಓದು, ಚೊಚ್ಚಲೋ ಎರಡನೆಯದೋ, ಎಲ್ಲದರಿಂದಲೂ ವಿಂಗಡಿಸಿ ನೋಡಿದೆವು, ಏನೂ ಹೊಳೆಯಲಿಲ್ಲ. ಕೊನೆಗೆ ಪ್ರಶ್ನಾವಳಿಯ ಮೊದಲ ಪುಟದಲ್ಲಿದ್ದ, ಮಗು ಹುಟ್ಟಿದ ವೇಳೆಯ ಮೇಲೆ ಕಣ್ಣು ಬಿತ್ತು. ಜಾತಕದ ಪುಣ್ಯದಿಂದ ಹುಟ್ಟಿದ ಗಳಿಗೆಯನ್ನು ಮರೆತ ತಾಯಿ ನಮ್ಮಲ್ಲಿಲ್ಲ. ಒಂದು ಚೌಕವೂ ಖಾಲಿಯಿರಲಿಲ್ಲ. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಒಂದು ಗುಂಪು, ಮಿಕ್ಕವರು ಇನ್ನೊಂದು ಗುಂಪು ಎಂದು ಮಾಡಿ ಎಣಿಸಿದಾಗ, ಐದುಗಳು ಬಹುಪಾಲು ಹಗಲಿನ ಕಡೆ ಹೋದವು. ಒಂದುಗಳು ಬಹುಪಾಲು ರಾತ್ರಿಯ ಕಡೆ ಹೋದವು. ಹದಿನಾಲ್ಕನೆಯ ಹೇಳಿಕೆಯ ಕಥೆಯೂ ಅದೇ.

ಇಂಥ ಎರಡು ಗುಂಪುಗಳನ್ನು ಹೋಲಿಸಲು ಸರಾಸರಿಯ ಹಂಗಿಲ್ಲದ ಒಂದು ಪರೀಕ್ಷೆಯುಂಟು. 1945ರಲ್ಲಿ ಫ್ರಾಂಕ್ ವಿಲ್ಕಾಕ್ಸನ್ ಎಂಬ ರಸಾಯನಶಾಸ್ತ್ರಜ್ಞ ಹೊಳೆಯಿಸಿದ್ದನ್ನು 1947ರಲ್ಲಿ ಮಾನ್ ಮತ್ತು ವಿಟ್ನಿ ಎಂಬಿಬ್ಬರು ವಿಸ್ತರಿಸಿದರು. ಎಲ್ಲರನ್ನೂ ಅಂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಯಾವ ಗುಂಪಿನವರು ಸಾಲಿನ ಯಾವ ತುದಿಗೆ ಸೇರುತ್ತಾರೆಂದು ನೋಡುವುದು ಅದರ ಹೂರಣ. ತಂತ್ರಾಂಶ ಕ್ಷಣದಲ್ಲಿ ಮಾಡಿ, ಆಕಸ್ಮಿಕದ ಸಂಭವ .000 ಎಂದು ಮುದ್ರಿಸಿತು. ಹುಡುಗಿ ‘ಸೊನ್ನೆ’ ಎಂದು ಬರೆದುಕೊಳ್ಳಲು ಹೊರಟಳು. ಅದು ಸೊನ್ನೆಯಲ್ಲ, ಮೂರು ದಶಾಂಶಗಳಲ್ಲಿ ಬರೆದಾಗ ಕಾಣದಷ್ಟು ಚಿಕ್ಕದು. ‘.001ಕ್ಕಿಂತ ಕಡಿಮೆ’ ಎಂದು ಬರೆಯುವುದು ಕ್ರಮ. ಅದಕ್ಕಿಂತ ಮುಖ್ಯವಾಗಿ, ಆ ಅಂಕೆ ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳುವುದೇ ಇಲ್ಲ. ಹಗಲು ಹೆತ್ತ ಒಬ್ಬ ತಾಯಿಯನ್ನೂ ರಾತ್ರಿ ಹೆತ್ತ ಒಬ್ಬ ತಾಯಿಯನ್ನೂ ಕಣ್ಣು ಮುಚ್ಚಿ ಆರಿಸಿದರೆ, ನೂರರಲ್ಲಿ ಎಷ್ಟು ಸಲ ಹಗಲಿನವಳ ಅಂಕ ಮೇಲಾಗಿರುತ್ತದೆ? ಈ ಲೆಕ್ಕವನ್ನು ಅದೇ ಪರೀಕ್ಷೆಯಿಂದ ತೆಗೆಯಬಹುದು, ಯಾರಿಗೂ ಅರ್ಥವಾಗುತ್ತದೆ. ಅದನ್ನೂ ಬರೆಸಿದೆ. ಜೊತೆಗೆ ಇನ್ನೊಂದು ಮಾತನ್ನೂ ಬರೆಸಿದೆ, ಹುಡುಗಿಗೆ ಅದು ರುಚಿಸಲಿಲ್ಲ: ರಾತ್ರಿ-ಹಗಲಿನ ಈ ವಿಂಗಡಣೆ ಮೊದಲೇ ಯೋಚಿಸಿದ್ದಲ್ಲ, ಉತ್ತರಗಳನ್ನು ಕಂಡಮೇಲೆ ಹೊಳೆದದ್ದು, ಆದ್ದರಿಂದ ಮತ್ತೊಮ್ಮೆ ಪರೀಕ್ಷಿಸಿ ನೋಡತಕ್ಕದ್ದು. ನಾಲ್ಕಾರು ರೀತಿ ವಿಂಗಡಿಸಿ ಒಂದು ಫಲಿಸಿದಾಗ, ಫಲಿಸದವುಗಳ ಸುದ್ದಿಯನ್ನೂ ಹೇಳುವುದು ಪ್ರಾಮಾಣಿಕರ ಲಕ್ಷಣ.

ಸಂಜೆಯ ಹೊತ್ತಿಗೆ ಮೂವತ್ತು ಹಾಳೆ ಆರಾಯಿತು. 3.1467 ಎಂಬಂಥ ನಾಲ್ಕು ದಶಾಂಶಗಳ ಸರಾಸರಿಗಳೆಲ್ಲ ಹೋದವು. ಐದು ಚೌಕಗಳಲ್ಲಿ ಬಂದ ಉತ್ತರಕ್ಕೆ ಅಷ್ಟು ಚಿನಿವಾರತನ ತರವಲ್ಲ. ಪ್ರತಿ ಹೇಳಿಕೆಗೂ ಕನ್ನಡದಲ್ಲಿ ಕೇಳಿದ ಮಾತು ಹೇಗಿತ್ತೋ ಹಾಗೆಯೇ. ಎದುರಿಗೆ ಐದು ಎಣಿಕೆ, ಆರನೆಯದಾಗಿ ಉತ್ತರಿಸದವರ ಎಣಿಕೆ. ಒಪ್ಪದವರು ಎಡಕ್ಕೆ, ಒಪ್ಪಿದವರು ಬಲಕ್ಕೆ ಚಾಚುವಂತೆ ಒಂದು ಪಟ್ಟಿಚಿತ್ರ. ಅವಳ ಮಾರ್ಗದರ್ಶಕರಿಗೆ ಸರಾಸರಿಯಿಲ್ಲದ ಪ್ರಬಂಧ ಒಗ್ಗದೆಂದು ಅವಳು ಹೆದರಿದ್ದರಿಂದ, ಇಪ್ಪತ್ತರ ಮೊತ್ತದ ಸರಾಸರಿಯೊಂದನ್ನು ಕೊನೆಯಲ್ಲಿ ಉಳಿಸಿದೆವು. ‘ಸಾಧಾರಣವಾಗಿ ತೃಪ್ತಿಕರ’ ಎಂಬ ವಾಕ್ಯವನ್ನು ಅವಳೇ ಹೊಡೆದುಹಾಕಿದಳು.

ಹೊರಡುವ ಮುನ್ನ, ಆ 99 ಎಂದು ತುಂಬಿದ್ದ ಇಬ್ಬರು ಮೂವರ ಮೂಲ ಪ್ರಶ್ನಾವಳಿಗಳನ್ನು ನೋಡೋಣವೆಂದು ಕಂತೆಯನ್ನು ಬಿಚ್ಚಿಸಿದೆ. ಒಂದರಲ್ಲಿ ಪುಟವೇ ತಪ್ಪಿಹೋಗಿತ್ತು. ಇನ್ನೊಂದರಲ್ಲಿ, ಗೌರವದ ಹೇಳಿಕೆಯ ಐದು ಚೌಕಗಳೂ ಖಾಲಿ. ಅಂಚಿನಲ್ಲಿ ಹುಡುಗಿಯ ಕೈಬರಹದಲ್ಲೇ ಪೆನ್ಸಿಲಿನಿಂದ ಸಣ್ಣಗೆ ಬರೆದಿತ್ತು: ‘ಹೇಳಲಿಲ್ಲ. ಅತ್ತರು.’ ಮಗು ಹುಟ್ಟಿದ ವೇಳೆ ರಾತ್ರಿ 2 ಗಂಟೆ 40 ನಿಮಿಷ.

“ಇದನ್ನು ಎಲ್ಲಿ ಹಾಕಲಿ, ಮಾವ?” ಎಂದಳು.

ಉತ್ತರಿಸದವರ ಎಣಿಕೆಯ ಕೆಳಗೆ, ಅಡಿಟಿಪ್ಪಣಿಯಾಗಿ, ಅದೇ ಎರಡು ಮಾತುಗಳಲ್ಲಿ ಹಾಕೆಂದೆ. ಹಾಕಿದ್ದಾಳೆ. ಪ್ರಬಂಧದ ಒಂದು ಪ್ರತಿ ವಿಶ್ವವಿದ್ಯಾನಿಲಯಕ್ಕೂ ಒಂದು ಪ್ರತಿ ಆಸ್ಪತ್ರೆಗೂ ಹೋದ ವಾರದಲ್ಲಿ ತಲಪಿವೆ.